ಹುಡುಗಿ ಬಿಟ್ಟು ಗ್ರಿಲ್ ನೋಡಿದ ವಸಂತಮಾಮಾ

ಸಂಜೆ ಶಿಫ್ಟ್ ಬಿಟ್ಟ ಹೊತ್ತಿಗೆ ಪಟಾನ್‌ಚೆರುವಿನಲ್ಲಿ ಬಸ್ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿಯಬೇಕೆಂದರೆ ಹಿಂದಿನ ಜನ್ಮದಲ್ಲಿ ಅರವಟ್ಟಿಗೆ ಇಟ್ಟಿರಬೇಕು. ಮೊನ್ನೆ ನನಗೆ ಸಿಕ್ಕಿತು. ತೊಡೆಯ ಮೇಲೆ ನನ್ನ ಬ್ಯಾಗು, ಅದರ ಮೇಲೆ ಪಕ್ಕದ ಹೆಂಗಸಿನ ಟಿಫನ್ ಡಬ್ಬಿ, ಅದರ ಮೇಲೆ ನಿಂತವರಾರದೋ ಹೆಲ್ಮೆಟ್ಟು; ಹೀಗೆ ನಾನು ಪ್ರಯಾಣಿಕನಾಗಿ ಹತ್ತಿ ಕಪಾಟಾಗಿ ಕೂತಿದ್ದೆ. ಕೂಕಟ್‌ಪಲ್ಲಿ ಹತ್ತಿರ ಮೆಟ್ರೊ ಕಂಬಗಳ ಕೆಲಸ ನಡೆದಿತ್ತು ನೋಡಿ, ಬಸ್ಸು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಆಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಕಬ್ಬಿಣವನ್ನೂ ಸುಣ್ಣವನ್ನೂ ಒಂದೇ ಬಾಣಲೆಯಲ್ಲಿ ಹುರಿದು, ಮೇಲೆ ಚಿಟಿಕೆ ಪಟಾಕಿ ಮದ್ದು ಉದುರಿಸಿದರೆ ಹೇಗಿರುತ್ತದೆಯೋ ಹಾಗೆ. ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದು, "ಏದೋ ಕಾಲುತೋಂದಿ" ಎಂದಳು, ಏನೋ ಸುಡುತ್ತಿದೆ ಅಂತ. "ಕಾಲಡಂ ಲೇದಮ್ಮಾ, ಅತಿಕಿಸ್ತುನ್ನಾರು" ಎಂದೆ ನಾನು. ಸುಡುತ್ತಿಲ್ಲ ತಾಯಿ, ಜೋಡಿಸುತ್ತಿದ್ದಾರೆ. ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಟಿಫನ್ ಡಬ್ಬಿಯನ್ನು ವಾಪಸ್ ತೆಗೆದುಕೊಂಡಳು.

ಅವಳ ತಪ್ಪಿಲ್ಲ. ಆ ವಾಸನೆಗೆ ಮುಖ ಅರಳಿಸುವ ಮನುಷ್ಯನನ್ನು ಯಾರು ನಂಬುತ್ತಾರೆ? ಆದರೆ ನಿಮಗೆಲ್ಲ ಮದುವೆ ಎಂದರೆ ಮಲ್ಲಿಗೆ, ತುಪ್ಪ, ಕರ್ಪೂರದ ವಾಸನೆ ನೆನಪಾಗುವಂತೆ ನನಗೆ ವೆಲ್ಡಿಂಗ್ ರಾಡು ಉರಿದ ವಾಸನೆ ನೆನಪಾಗುತ್ತದೆ. ಯಾಕೆಂದರೆ ನಮ್ಮ ವಸಂತಮಾಮಾನ ಮದುವೆ ಗೊತ್ತಾದದ್ದು ಆ ಹೊಗೆಯಲ್ಲಿ.

ಮೊದಲು ನನ್ನ ಬಗ್ಗೆ ಎರಡು ಮಾತು. ಕೇಳದಿದ್ದರೂ ಹೇಳುವವನು ನಾನು. ದೇವರು ನನಗೆ ಮುಖ ಕೊಡುವಾಗ ಬೇರೆಲ್ಲೋ ನೋಡುತ್ತಿದ್ದ, ಗಂಟಲು ಕೊಡುವಾಗ ಮಾತ್ರ ಕೈ ಬಿಚ್ಚಿ ಕೊಟ್ಟ. ಕಂಡವರ ದನಿ ತೆಗೆಯುವುದು, ಅಂದರೆ ನಕಲು ಮಾಡುವುದು, ನನ್ನ ಚಟ. ಬಸ್ ಕಂಡಕ್ಟರು, ಮನೆ ಮಾಲಕಿ, ಸತ್ಯನಾರಾಯಣ ಪೂಜೆಯಲ್ಲಿ ಅರ್ಧ ಮಂತ್ರ ನುಂಗುವ ಭಟ್ಟರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ. ಈಗ ನಾನು ವೆಲ್ಡಿಂಗ್ ರಾಡು ಮಾರುತ್ತೇನೆ. ಅಂಗಡಿಗೆ ಹೋಗಿ ಡಬ್ಬಿ ತೋರಿಸುವ ಮೊದಲು ಬಾಯಲ್ಲೇ ರಾಡು ಹೊತ್ತಿಸುತ್ತೇನೆ. ಒಳ್ಳೆಯ ರಾಡು ಸರಿಯಾದ ದೂರದಲ್ಲಿ ಉರಿದರೆ ಕಾದ ಎಣ್ಣೆಗೆ ಮೆಣಸಿನಕಾಯಿ ಭಜಿ ಬಿಟ್ಟ ಹಾಗೆ ಒಂದೇ ಸಮ ಚರ್‍ರ್ ಎನ್ನುತ್ತದೆ. ದೂರ ಹೋದರೆ ಬೆಕ್ಕು ಸಿಟ್ಟಾದಂತೆ ಫುಸ್ ಫುಸ್. ತೀರಾ ಹತ್ತಿರ ಹೋದರೆ ರಾಡು ಕಬ್ಬಿಣಕ್ಕೆ ಅಂಟಿಕೊಂಡು, ಮೆಷಿನ್ನು ಹೊಟ್ಟೆನೋವು ಬಂದ ಎಮ್ಮೆಯಂತೆ ಘೂಂ ಎಂದು ಅಳುತ್ತದೆ. ಈ ಮೂರು ಸದ್ದಿನ ಮೇಲೆ ನನ್ನ ಊಟ ನಡೆದಿದೆ. ಕಲಿತದ್ದು ವಸಂತಮಾಮಾನ ಶೆಡ್ಡಿನಲ್ಲಿ.

ನಮ್ಮದು ರಾಯಚೂರು ಕಡೆಯಿಂದ ಬಂದ ಮನೆತನ. ಹೈದರಾಬಾದಿಗೆ ಬಂದಾಗಿನಿಂದ ಫೈಲಿನದೇ ಉದ್ಯೋಗ. ಮುತ್ತಜ್ಜ ಉರ್ದುವಿನಲ್ಲಿ ಫೈಲು ಬರೆದ, ಅಜ್ಜ ಇಂಗ್ಲಿಷಿನಲ್ಲಿ ಬರೆದ, ಅಪ್ಪ ತೆಲುಗಿನಲ್ಲಿ ಬರೆದ. ಮೂವರೂ ಬರೆದದ್ದು ಒಂದೇ ಫೈಲಿರಬೇಕೆಂದು ನನ್ನ ಗುಮಾನಿ. ಅವ್ವನ ತವರೂ ಹೀಗೆಯೇ. ಅಂಥಾದ್ದರಲ್ಲಿ ಅವ್ವನ ತಮ್ಮ ವಸಂತ, ಕಾಲೇಜು ಬಿಟ್ಟು ಸನತ್‌ನಗರದ ಒಂದು ವೆಲ್ಡಿಂಗ್ ಶೆಡ್ಡು ಸೇರಿದ. ಯಾರೋ ಮನೆತನದ ಕೈಗಡಿಯಾರವನ್ನು ಕಳೆದು ಬಂದಷ್ಟು ದುಃಖ ಎರಡೂ ಮನೆಯಲ್ಲಿ ಆಯಿತಂತೆ. ದೊಡ್ಡಕ್ಕ, ನಮ್ಮ ಗಂಗಾ ಮಾವಶಿ, ತಿಂಗಳುಗಟ್ಟಲೆ ಅವನ ಜೊತೆ ಮಾತಾಡಲಿಲ್ಲ. ಮಾತಾಡುವುದಿಲ್ಲ ಎಂಬುದನ್ನು ಮಾತ್ರ ದಿನಾ ಬಂದು ಹೇಳಿ ಹೋಗುತ್ತಿದ್ದಳು.

ಮಾಮಾ ಪಾಪದ ಮನುಷ್ಯ, ವಿನಯವಂತ ಎಂದೆಲ್ಲ ನೀವು ಊಹಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅವನಷ್ಟು ಜಂಬದ ವೆಲ್ಡರ್ ಹೈದರಾಬಾದಿನಲ್ಲಿ ಇನ್ನೊಬ್ಬನಿರಲಿಲ್ಲ. ಕೆಲಸ ಮುಗಿಸಿ, ಮೇಲಿನ ಕಪ್ಪು ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿದಾಗ ಕೆಳಗೆ ಬೆಳ್ಳಿಯ ಸಾಲು ಹೊಳೆಯುತ್ತದೆ, ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಅಲೆ. ಅದನ್ನು ನೋಡಿ ತಾನೇ ಕಣ್ಣು ಮುಚ್ಚಿ, "ಆಹಾ, ಯಾವ ಪುಣ್ಯಾತ್ಮ ಮಾಡ್ಯಾನೋ ಇದನ್ನ" ಎನ್ನುತ್ತಿದ್ದ. ಗಿರಾಕಿ ಹೊಗಳದೆ ಹೋದರೆ ಗೇಟಿನ ಸುತ್ತ ಅವನನ್ನು ಎರಡು ಪ್ರದಕ್ಷಿಣೆ ಹಾಕಿಸುತ್ತಿದ್ದ. "ನಾ ಹಾಕಿದ ಬೆಸಿಗಿ ಮ್ಯಾಲ ಲಾರಿ ಹಾಯಿಸಿದ್ರ ಲಾರಿ ಮುರೀತೈತಿ" ಎಂದು ಅವನ ಮಾತು. ಯಾದಗಿರಿ ಎಂಬ ತೆಲುಗಿನವನು ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವವನು. ಅವನು ತಲೆ ಎತ್ತದೆ, "ಲಾರೀ ಎಕ್ಕಡ ಉಂದಿ ಸಾರೂ" ಎಂದು ಕೇಳುತ್ತಿದ್ದ, ಲಾರಿ ಎಲ್ಲಿದೆ ಅಂತ.

ಮಾಮಾ ತಲೆಬಾಗುತ್ತಿದ್ದದ್ದು ಒಬ್ಬರಿಗೇ: ಮೆಹಬೂಬ್ ಉಸ್ತಾದರಿಗೆ. ಶೆಡ್ಡು ಅವರದು, ಮಾಮಾನಿಗೆ ಕೈ ಹಿಡಿದು ಕಲಿಸಿದವರು ಅವರು. ಬಿಳಿ ಗಡ್ಡ, ಗಡ್ಡದಲ್ಲಿ ಕಿಡಿ ಬಿದ್ದು ಸುಟ್ಟ ಸಣ್ಣ ಸಣ್ಣ ಕಂದು ಚುಕ್ಕೆ, ಎಡಗೈ ಕೆಲಸ. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಅಲ್ಲಿ ಹೋಗಿ ಕೂರುತ್ತಿದ್ದೆ, ದನಿ ಕದಿಯಲು. ದಖ್ಖನಿ, ತೆಲುಗು, ಮರಾಠಿ, ಕನ್ನಡ ನಾಲ್ಕೂ ಒಂದೇ ಚಹಾ ಗ್ಲಾಸಿನಲ್ಲಿ ಸಿಗುವ ಜಾಗ ಅದು. ಉಸ್ತಾದರ ಒಂದು ಮಾತು ಶೆಡ್ಡಿಗೇ ಮಂತ್ರ: "ಜಾತೆ ಜಾತೆ ಪಲಟ್ ಕೆ ದೇಖೊ, ಮಿಯಾಂ." ಹೋಗುವಾಗ ಒಮ್ಮೆ ತಿರುಗಿ ನೋಡು. ಬೆಸುಗೆಯ ಸಾಲು ಕೊನೆ ಮುಟ್ಟಿದ ಕೂಡಲೇ ರಾಡು ಎತ್ತಿಬಿಟ್ಟರೆ ಅಲ್ಲೊಂದು ಸಣ್ಣ ಗುಳಿ ಉಳಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಅದಕ್ಕೆ ಕೊನೆ ಮುಟ್ಟಿದ ಮೇಲೆ ಕೂದಲೆಳೆಯಷ್ಟು ಹಿಂದೆ ಬಂದು, ಗುಳಿ ತುಂಬಿ, ಆಮೇಲೆ ರಾಡು ಎತ್ತಬೇಕು. ಹಾಗೆ ತಿರುಗಿದಾಗ ಸಾಲಿನ ತುದಿಯಲ್ಲಿ ಒಂದು ಪುಟ್ಟ ಬಾಲ ಬೀಳುತ್ತದೆ. ಒಬ್ಬೊಬ್ಬ ವೆಲ್ಡರನ ಬಾಲ ಒಂದೊಂದು ಥರ. ಎಲ್ಲರದೂ ಬಲಕ್ಕೆ ಹೊರಳಿದರೆ ಎಡಚ ಉಸ್ತಾದರದು ಎಡಕ್ಕೆ. ಸಹಿ ಇದ್ದಂತೆ ಅದು. ನನಗೆ ಇದನ್ನೆಲ್ಲ ಮಾಮಾ ತೋರಿಸಿದಾಗ ನಾನು ಅವನಿಗೆ ಉಸ್ತಾದರ ದನಿಯಲ್ಲೇ "ಶಾಬಾಸ್ ಬೇಟಾ" ಅಂದೆ. ಮಾಮಾ ನಗಲಿಲ್ಲ, ಒಳಗಿನಿಂದ ಉಸ್ತಾದರು ನಕ್ಕರು.

ಆ ಶೆಡ್ಡಿನಲ್ಲಿ ನಾನು ಕಲಿಯದೇ ಉಳಿದದ್ದು ಒಂದು: ನೋಡುವುದು. ಒಂದು ದಿನ ಉಸ್ತಾದರು ಕೆಲಸ ಮಾಡುವ ಭಂಗಿಯನ್ನು ನಕಲು ಮಾಡುತ್ತಾ, ಅವರ ಎದುರೇ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಉರಿದುಳಿದ ರಾಡಿನ ತುಂಡು ಹಿಡಿದು, ಮುಖಕ್ಕೆ ಕರಿ ಗಾಜಿನ ತಡೆ ಇಲ್ಲದೆ ಅಷ್ಟೂ ಹೊತ್ತು ಆ ನೀಲಿ ಬೆಳಕನ್ನು ದಿಟ್ಟಿಸಿದೆ. ನಕಲು ತುಂಬ ಚೆನ್ನಾಗಿ ಬಂತು. ಆಮೇಲೆ ಕಣ್ಣಿನೊಳಗೆ ಯಾರೋ ಬಿಸಿ ಮರಳು ಸುರಿದರು. ಅವ್ವ ಹಸಿ ಆಲೂಗಡ್ಡೆ ಬಿಲ್ಲೆ ಕಣ್ಣಿನ ಮೇಲಿಟ್ಟು, "ಕಾಯಿಪಲ್ಯಾ ಆದ್ರೂ ಉಪಯೋಗಕ್ಕ ಬಂತು, ಈ ಮಗಾ ಬರಲಿಲ್ಲ" ಎಂದಳು. ಅಂದಿನಿಂದ ಎಲ್ಲಿ ವೆಲ್ಡಿಂಗ್ ಹೊತ್ತಿದರೂ ನನ್ನ ಕುತ್ತಿಗೆ ತಾನೇ ಆಚೆ ತಿರುಗುತ್ತದೆ. ಕರಿ ಗಾಜು ಕೊಟ್ಟರೂ ಒಲ್ಲೆ. ರಾಡು ಮಾರುವವನು, ರಾಡು ಉರಿಯುವುದನ್ನು ನೋಡದವನು. ಇದು ನಮ್ಮ ಕಂಪನಿಗೆ ಗೊತ್ತಿಲ್ಲ.

ಉಸ್ತಾದರು ತೀರಿಕೊಂಡರು. ಎದೆನೋವು, ಒಂದೇ ಮಧ್ಯಾಹ್ನ. ಶೆಡ್ಡನ್ನು ಮಾಮಾ ನೋಡಿಕೊಳ್ಳತೊಡಗಿದ. ಅಷ್ಟರಲ್ಲಿ ಅವನಿಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಾತು ಚೆನ್ನಾಗಿ ಶುರುವಾಗುತ್ತಿತ್ತು, ಗೋತ್ರ ಕೂಡುತ್ತಿತ್ತು, ಜಾತಕ ಕೂಡುತ್ತಿತ್ತು, "ಹುಡುಗ ಏನ್ ಮಾಡ್ತಾನರಿ?" ಎಂಬಲ್ಲಿ ಬಿಟ್ಟುಹೋಗುತ್ತಿತ್ತು. ಎಲ್ಲವನ್ನೂ ಜೋಡಿಸುವವನ ಒಂದು ಜೋಡಣೆ ಕೂಡಿ ಬರುತ್ತಿಲ್ಲ ಎಂದು ನಾನು ಅವನೆದುರೇ ಚೇಷ್ಟೆ ಮಾಡಿದೆ. ಅವನು ಹೊರಗೆ ನಕ್ಕ. ಆದರೆ ಉಸ್ತಾದರು ಹೋದಂದಿನಿಂದ ಗಿರಾಕಿಗಳನ್ನು ಪ್ರದಕ್ಷಿಣೆ ಹಾಕಿಸುವುದನ್ನು ಬಿಟ್ಟಿದ್ದ. ಕಿಟ್ಟ ಉದುರಿಸಿ ನೋಡದೆಯೇ ಎದ್ದು ಹೋಗುತ್ತಿದ್ದ. ಜಂಬದ ಮನುಷ್ಯ ಜಂಬ ಬಿಟ್ಟರೆ ನೋಡಲಾಗುವುದಿಲ್ಲ ಕಣ್ರಿ, ಅದು ಬೇರೆಯದೇ ಸಂಕಟ.

ಇಂಥದ್ದರಲ್ಲಿ ತಾರ್ನಾಕದ ಹುಡುಗಿಯ ಸಂಬಂಧ ಬಂತು. ಸುಧಾ, ಶಾಲೆಯಲ್ಲಿ ಟೀಚರು. ಅಪ್ಪ ರಾಮರಾಯರು, ಕಲಬುರಗಿ ಕಡೆಯವರು, ಯಾವುದೋ ಸರಕಾರಿ ಕಚೇರಿಯಿಂದ ನಿವೃತ್ತರು. ಈ ಸಲ ಗಂಗಾ ಮಾವಶಿ ಅಖಾಡಕ್ಕೆ ಇಳಿದಳು.

"ಏನ್ ಮಾಡ್ತೀರಿ ಅಂದ್ರ ಇಂಜಿನಿಯರಿಂಗ್ ಲೈನ್ ಅನ್ನು."

"ಯಾವ ಲೈನ್ ಅಂತ ಕೇಳಿದ್ರಕ್ಕಾ?"

"ಲೈನ್ ಅಂದ್ರ ಲೈನ್. ದೊಡ್ಡ ಮಂದಿ ಅದರ ಮ್ಯಾಲ ಕೇಳೂದಿಲ್ಲ."

ಮಾಮಾನ ಮುಂಗೈ ತುಂಬ ಕಿಡಿ ಬಿದ್ದ ಗುರುತು, ಎಳ್ಳು ಚೆಲ್ಲಿದ ಹಾಗೆ. ಅದಕ್ಕೆ ತೋಳುದ್ದ ಅಂಗಿ, ಗುಂಡಿ ಮಣಿಕಟ್ಟಿನ ತನಕ. ಉಗುರು ಸಂದಿಯ ಕಪ್ಪಿಗೆ ಲಿಂಬೆ ಸಿಪ್ಪೆ. "ಕೈ ತೊಡಿ ಮ್ಯಾಲ ಇಡು, ಆಡಸಬ್ಯಾಡ. ಹುಡುಗಿನ ಒಮ್ಮೆ ನೋಡು, ಭಾಳ ನೋಡಬ್ಯಾಡ" ಎಂದು ಮಾವಶಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಮಾಡಿದಳು. ನಾನು ಹಿಂದಿನ ಸೀಟಿನಿಂದ ಅದೇ ಪಾಠವನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಒಪ್ಪಿಸುತ್ತಿದ್ದೆ, ಮರೆಯಬಾರದಲ್ಲ.

ತಾರ್ನಾಕದ ಮನೆ ಮೊದಲ ಮಹಡಿಯಲ್ಲಿ. ನಡುಮನೆ, ಅದರಾಚೆ ಬಾಲ್ಕನಿ, ಬಾಲ್ಕನಿಗೆ ನೆಲದಿಂದ ಸೂರಿನವರೆಗೆ ಗ್ರಿಲ್ಲು, ಗ್ರಿಲ್ಲಿನಾಚೆ ಯೂನಿವರ್ಸಿಟಿಯ ಮರಗಳು. ಮಾಮಾನನ್ನು ಬಾಲ್ಕನಿಗೆ ಎದುರಾಗಿ ಕೂರಿಸಿದರು. ಶಿರಾ ಬಂತು, ಚುರಮುರಿ ಬಂತು, ರಾಯರು ಹವಾಮಾನ ಮುಗಿಸಿ ರಾಜಕೀಯಕ್ಕೆ ಬಂದರು. ಆಮೇಲೆ ಹುಡುಗಿ ಚಹಾದ ತಟ್ಟೆ ಹಿಡಿದು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ನಾನು ನೋಡಿದೆ, ಮಾವಶಿ ನೋಡಿದಳು. ಮಾಮಾ ನೋಡಲಿಲ್ಲ. ಮಾಮಾನ ಕಣ್ಣು ಅವಳ ಭುಜದ ಮೇಲಿಂದ ಹಾದು ಹಿಂದೆಲ್ಲೋ ನೆಟ್ಟಿತ್ತು. ಮಾವಶಿ ಕೆಮ್ಮಿದಳು. ನಾನು ಮಾವಶಿಯ ಕೆಮ್ಮನ್ನೇ ಇನ್ನೊಮ್ಮೆ ಕೆಮ್ಮಿದೆ. ಊಹೂಂ.

ರಾಯರು ದೊಡ್ಡತನದಿಂದ, "ಹುಡುಗಿಗೆ ಏನಾರ ಕೇಳೂದಿದ್ರ ಕೇಳ್ರಿ, ಸಂಕೋಚ ಬ್ಯಾಡ" ಎಂದರು.

ಮಾಮಾ ಕೇಳಿದ. "ಈ ಗ್ರಿಲ್ ಯಾರು ಮಾಡ್ಯಾರ್‍ರಿ?"

ಚುರಮುರಿ ಅಗಿಯುವ ಸದ್ದು ಕೂಡ ನಿಂತಿತು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದವರನ್ನು ನೋಡಿದ್ದೇನೆ, ಅಡುಗೆ ಬರುತ್ತದೆಯೇ ಎಂದವರನ್ನು ನೋಡಿದ್ದೇನೆ. ಹೆಣ್ಣು ನೋಡಲು ಬಂದು ಗ್ರಿಲ್ಲಿನ ವಿಳಾಸ ಕೇಳಿದವನು ನಮ್ಮ ಮನೆತನದಲ್ಲೇ ಹುಟ್ಟಬೇಕಿತ್ತು. ರಾಯರು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು.

"ಒಬ್ಬರು ಚಾಚಾ ಬಂದು ಮಾಡಿದ್ರು. ನಾ ಆಗಿನ್ನಾ ಸಾಲಿಗೆ ಹೋಗತಿದ್ದೆ. ಎಡಗೈಲೆ ಮಾಡತಿದ್ರು."

ಮಾಮಾ ಎದ್ದ. ತೊಡೆಯ ಮೇಲೆ ಇಡಬೇಕಾದ ಕೈ ಎತ್ತಿಕೊಂಡು ಸೀದಾ ಬಾಲ್ಕನಿಗೆ ನಡೆದು, ಒಂದು ಮೂಲೆಯಲ್ಲಿ ಎರಡು ಸರಳು ಕೂಡುವ ಕಡೆ ಹೆಬ್ಬೆರಳು ಸವರಿದ. ನಮಗೆಲ್ಲ ಬೆನ್ನು ತಿರುಗಿಸಿ ಹಾಗೇ ನಿಂತ. ನನಗೆ ಆಗ ಗೊತ್ತಾಯಿತು. ಬಣ್ಣ ಎಷ್ಟು ಸಲ ಬಳಿದಿದ್ದರೂ ಆ ಬಾಲ ಎಡಕ್ಕೇ ಹೊರಳಿತ್ತು. ಉಸ್ತಾದರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

"ನಿಮಗ ಗುರುತೇನ್ರಿ ಅವರದು?" ಎಂದರು ರಾಯರು.

ಮಾಮಾ ತಿರುಗಿದ. ಕಣ್ಣು ಕೆಂಪಾಗಿತ್ತು. "ನಮ್ಮ ಉಸ್ತಾದರು ಅವರು. ನಾನೂ ವೆಲ್ಡರ್."

ಇಂಜಿನಿಯರಿಂಗ್ ಲೈನು ಅಲ್ಲಿಗೆ ಕಡಿಯಿತು. ಮಾವಶಿ ಚಹಾದ ಬಟ್ಟಲನ್ನು ಎಷ್ಟು ಮೆಲ್ಲಗೆ ಕೆಳಗಿಟ್ಟಳೆಂದರೆ ಆ ಮೆಲ್ಲಗೆಯಲ್ಲೇ ಸಿಡಿಲಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಪ್ರಶ್ನೆ ಕೇಳಿದಳು. "ಹುಡುಗಿ ಹೆಂಗ ಐತೋ ವಸಂತಾ?"

"ನೋಡಲಿಲ್ಲಕ್ಕಾ."

"ಗ್ರಿಲ್ ಹೆಂಗ ಐತಿ?"

"ಭಾಳ ಚಂದ ಐತಿ."

ಮಾವಶಿ ಕಿಟಕಿಯ ಕಡೆ ತಿರುಗಿದಳು. ಈ ಸಂಭಾಷಣೆಯನ್ನು ನಾನು ಆಮೇಲೆ ನೂರು ಮದುವೆಗಳಲ್ಲಿ ಅಭಿನಯಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ದಿನ ಬಸ್ಸಿನಲ್ಲಿ ಮಾತ್ರ ಬಾಯಿ ಬರಲಿಲ್ಲ. ಇಳಿಯುವ ಮುಂಚೆ ಮಾಮಾ ನನ್ನ ಹತ್ತಿರ ಬಂದು ಕಂಬಿ ಹಿಡಿದು ನಿಂತ. "ಎಡಗೈಲೆ ಅಂದ್ಲಲ್ಲೋ" ಎಂದ. "ಇಷ್ಟು ವರ್ಷ ಆತು. ಗ್ರಿಲ್ ಮಾಡಾಕ ಬಂದವರ ಮುಖಾನ ಯಾರಿಗೂ ನೆನಪಿರೂದಿಲ್ಲ. ಆಕಿಗೆ ಕೈ ನೆನಪೈತಿ." ಆಮೇಲೆ, "ಒಮ್ಮೆ ನೋಡಬೇಕಿತ್ತು ಆಕಿನ್ನ" ಎಂದ. ಹೀಗಾಗಿ ನಮ್ಮ ಮಾಮಾ ಮುಖ ನೋಡದೆ ಬರೀ ದನಿ ಕೇಳಿ ಬಿದ್ದುಹೋದ. ದನಿ ಮಾರಿ ಬದುಕುವ ನನಗೆ ಇದರ ಬಗ್ಗೆ ಗೌರವವಿದೆ.

ಅತ್ತಲಿಂದ ಸುದ್ದಿ ಬರಲಿಲ್ಲ. ಬರುವುದೂ ಇಲ್ಲ ಎಂದು ಎಲ್ಲರೂ ಬಗೆದೆವು. ಮಾಮಾ ಶೆಡ್ಡಿಗೆ ಹೋಗುತ್ತಿದ್ದ, ಬರುತ್ತಿದ್ದ, ಊಟಕ್ಕೆ ಕೂತು ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅವ್ವ ನನಗೆ, "ಅವನ ದನಿ ಒಂದೀಟು ತೆಗಿಬ್ಯಾಡೋ ಈಗ" ಎಂದಳು. ಅಷ್ಟರಲ್ಲಿ ಶೆಡ್ಡಿನ ಪಕ್ಕದ ಅಂಗಡಿಗೆ ರಾಯರ ಫೋನು ಬಂತು. ಶನಿವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬರುತ್ತೇವೆ, ಮನೆಗಲ್ಲ, ಶೆಡ್ಡಿಗೆ. "ಆಕಿ ಒಮ್ಮೆ ಕೆಲಸ ನೋಡಬೇಕಂತಾಳ್ರಿ. ನಾ ಏನ್ ಮಾಡ್ಲಿ" ಎಂದರಂತೆ.

"ಎಲ್ಲೆರ ಹುಡುಗಿ ವರನ್ನ ನೋಡಾಕ ಶೆಡ್ಡಿಗೆ ಬರತಾಳೇನು?" ಎಂದು ಮಾವಶಿ ಹಣೆ ಹಣೆ ಬಡಿದುಕೊಂಡಳು. ಯಾದಗಿರಿ ಮಾತ್ರ ಹಬ್ಬ ಮಾಡಿದ. ನೆಲಕ್ಕೆ ನೀರು ಚಿಮುಕಿಸಿ, ಗ್ಯಾಸ್ ಸಿಲಿಂಡರಿಗೆ ವಿಭೂತಿ ಬಳಿದು, ಎರಡು ಸ್ಟೂಲಿಗೆ ಟವೆಲ್ ಹೊದಿಸಿ, "ಪೆಳ್ಳಿ ಚೂಪುಲು ಮನ ಶೆಡ್ಡುಲೋ" ಎಂದು ಬೀದಿಗೆಲ್ಲ ಸಾರಿದ. ಹೆಣ್ಣು ನೋಡುವ ಶಾಸ್ತ್ರ ನಮ್ಮ ಶೆಡ್ಡಿನಲ್ಲಿ ಅಂತ. ಪಕ್ಕದ ಲೇತ್ ಮೆಷಿನ್ನಿನವರು ಅಂದು ಮಧ್ಯಾಹ್ನ ಯಾಕೋ ಗೋಡೆಯ ಹತ್ತಿರವೇ ಊಟಕ್ಕೆ ಕೂತರು.

ಬಂದರು. ರಾಯರು ಕರವಸ್ತ್ರ ಮೂಗಿಗೆ ಹಿಡಿದು ಸ್ಟೂಲಿನ ಅಂಚಿನಲ್ಲಿ ಕೂತರು. ಸುಧಾ ಕೂರಲಿಲ್ಲ. ಮಾಮಾ ಆ ದಿನ ಅರ್ಧ ತೋಳಿನ ಅಂಗಿ ಹಾಕಿದ್ದ. ನಾನು ಏನೂ ಹೇಳಿರಲಿಲ್ಲ, ಅವನೇ ಹಾಕಿದ್ದ. ಒಂದು ಶಾಲೆಯ ಗೇಟು ಕೆಲಸಕ್ಕೆ ಬಂದಿತ್ತು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ರಾಡು ಮುಟ್ಟಿಸಿದ.

ಘೂಂ.

ರಾಡು ಅಂಟಿಕೊಂಡಿತು. ಅವನು ಮಣಿಕಟ್ಟು ತಿರುವಿ ಬಿಡಿಸಿದ. ಮತ್ತೆ ಮುಟ್ಟಿಸಿದ. ಘೂಂ. ಇದು ಎಂಥ ಮರ್ಯಾದೆಗೇಡು ಎಂದು ನಿಮಗೆ ಹೇಗೆ ಹೇಳಲಿ? ಹೊಸದಾಗಿ ಕಲಿಯಲು ಬಂದವರ ರಾಡು ಅಂಟುತ್ತದೆ. ಭಟ್ಟರು ಮದುವೆ ಮಂಟಪದಲ್ಲಿ ಗಾಯತ್ರಿ ಮರೆತ ಹಾಗೆ. ಗೋಡೆಯಾಚೆ ಲೇತಿನವರ ಊಟ ನಿಂತಿತು. ಯಾದಗಿರಿ ಮೆಷಿನ್ನಿನ ಹತ್ತಿರ ಹೋಗಿ ಕರೆಂಟಿಗೆ ಬೈದ. ಮಾಮಾ ರಾಡು ಬದಲಿಸಿದ, ಕುತ್ತಿಗೆಯ ನರ ಎದ್ದಿತ್ತು, ಮೂರನೆಯ ಸಲವೂ ಎಮ್ಮೆ ಅತ್ತಿತು. ಅವನು ಹಾಗೇ ತಲೆ ತಗ್ಗಿಸಿ ಕೂತುಬಿಟ್ಟ. ಎಲ್ಲ ಮುಗಿಯಿತು ಎನ್ನುವವನ ಕೂರುವಿಕೆ ಅದು. ನನಗೆ ಏನಾದರೂ ತಮಾಷೆ ಮಾಡಿ ಇವನನ್ನು ಬಚಾವು ಮಾಡಬೇಕೆನಿಸಿತು. ಗಂಟಲಿನಲ್ಲಿದ್ದ ಅಷ್ಟೂ ಮಂದಿಯಲ್ಲಿ ಒಬ್ಬರೂ ಎದ್ದು ಬರಲಿಲ್ಲ.

ಸುಧಾ ಎರಡು ಹೆಜ್ಜೆ ಮುಂದೆ ಬಂದಳು. "ನಾ ಒಂದು ಮಾತು ಹೇಳ್ಲಿ?" ಎಂದಳು, ಕ್ಲಾಸಿನ ಹುಡುಗರಿಗೆ ಹೇಳುವ ದನಿಯಲ್ಲೇ. "ನಮ್ಮನಿಗೆ ಬಂದಾಗ ನನ್ನ ಬಿಟ್ಟು ಗ್ರಿಲ್ ನೋಡಿದ್ರಿ. ಇಲ್ಲಿ ಗೇಟ್ ಬಿಟ್ಟು ನನ್ನ ನೋಡಾಕತ್ತೀರಿ. ರಾಡ್ ಅಂಟದ ಏನ್ ಮಾಡೀತು?"

ಮೊದಲು ನಕ್ಕವರು ರಾಯರು. ಕರವಸ್ತ್ರ ಮೂಗಿನಿಂದ ಜಾರಿ ಬಿತ್ತು. ಗೋಡೆಯಾಚೆಯಿಂದ ಲೇತಿನವರು ನಕ್ಕರು, ಯಾದಗಿರಿಗೆ ಕನ್ನಡ ಅರ್ಥವಾಗದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಮಾಮಾನ ಕಿವಿ ಕೆಂಪಗೆ ಕಾದ ಕಬ್ಬಿಣ.

ಅವಳು ಗೂಟಕ್ಕೆ ಹಾಕಿದ್ದ ಕರಿ ಗಾಜಿನ ಶೀಲ್ಡು ಇಳಿಸಿಕೊಂಡಳು. "ಚಾಚಾ ಗ್ರಿಲ್ ಮಾಡೂಮುಂದ ನನಗ 'ಬೇಟೀ, ಉಧರ್ ದೇಖೊ' ಅಂತಿದ್ರು. ಅಷ್ಟೂ ದಿನ ಗ್ವಾಡಿ ನೋಡಕೋತ ಕೂತೀನಿ. ಗ್ವಾಡಿ ಮ್ಯಾಲ ನೀಲಿ ಬೆಳಕು ಕುಣೀತಿತ್ತು, ಅದಷ್ಟ ನನಗ ಗೊತ್ತು. ಇವತ್ತ ನೋಡಬೇಕು. ನಡೀರಿ, ಶುರು ಮಾಡ್ರಿ." ಶೀಲ್ಡು ಮುಖಕ್ಕೆ ಹಿಡಿದು ಅವನ ಎದುರು ಅವಳೂ ಕುಕ್ಕರಗಾಲಲ್ಲಿ ಕೂತಳು, ಸೀರೆ ನೆಲಕ್ಕೆ ತಾಗಿದರೂ ಲಕ್ಷ್ಯವಿಲ್ಲ. ಈಗ ಅವಳ ಮುಖ ಅವನಿಗೆ ಕಾಣುವಂತಿರಲಿಲ್ಲ, ಅವನದು ಅವಳಿಗೆ ಕಾಣುವಂತಿರಲಿಲ್ಲ.

ನಾನು ಎಂದಿನಂತೆ ಆಚೆ ತಿರುಗಿದೆ. ಕಿವಿ ಮಾತ್ರ ಅತ್ತ ಇತ್ತು. ಚರ್‍ರ್ ಎಂದು ಹತ್ತಿತು, ಏರಲಿಲ್ಲ, ಇಳಿಯಲಿಲ್ಲ, ಕೊನೆಗೆ ಸಣ್ಣಗೆ ಒಂದು ಉಸಿರು ಹಿಂದೆ ಬಂದು ನಿಂತಿತು. ಮಾಮಾ ಕಿಟ್ಟ ತಟ್ಟಿ ಉದುರಿಸಿದ. ಬೆಳ್ಳಿಯ ಅಲೆಗಳು. ಸುಧಾ ಬೆರಳು ಮುಂದೆ ಮಾಡಿದಳು; ಮಾಮಾ ಅವಳ ಕೈ ಹಿಡಿಯಲು ನಾಚಿ, ಸುತ್ತಿಗೆಯ ಹಿಡಿಯನ್ನು ಅಡ್ಡ ಹಿಡಿದು "ಬಿಸಿ ಐತ್ರಿ" ಎಂದ. ಅವಳು ಬಗ್ಗಿ ನೋಡಿದಳು. "ಅವರದು ಎಡಕ್ಕ ಹೊಳ್ಳಿತ್ತು, ನಿಮ್ಮದು ಬಲಕ್ಕ ಹೊಳ್ಳೇತಿ" ಎಂದಳು. ಮಾಮಾ ಎಷ್ಟೋ ತಿಂಗಳ ಮೇಲೆ ಕಣ್ಣು ಮುಚ್ಚಿ, "ಆಹಾ, ಯಾವ ಪುಣ್ಯಾತ್ಮ ಮಾಡ್ಯಾನೋ" ಎಂದ. ನನ್ನ ಅವ್ವ ಅಲ್ಲಿದ್ದಿದ್ದರೆ ಅಳುತ್ತಿದ್ದಳು. ನಾನು ಅವಳ ಪರವಾಗಿ ಮೂಗು ಒರೆಸಿಕೊಂಡೆ.

ಹೊರಡುವಾಗ ರಾಯರು ಬಾಗಿಲಲ್ಲಿ ನಿಂತು ಮಗಳಿಗೆ ಕೇಳಿದರು. "ಮಂದಿ ಕೇಳಿದ್ರ ಏನಂತ ಹೇಳೂದವಾ?"

"ವೆಲ್ಡರ್ ಅಂತ ಹೇಳ್ರಿ."

"ಹಂಗ ಅನ್ನಾಕ ಬಾಯಿ ಬರವಲ್ದು ನೋಡು."

"ಮನ್ಯಾಗ ನಾಕು ಸಲ ಅಂದು ರೂಢಿ ಮಾಡ್ಕೋರಿ ಅಪ್ಪಾ, ಬರತೈತಿ."

ರಾಯರು ರೂಢಿ ಮಾಡಿಕೊಂಡರು ಎಂದು ಕ್ರಮೇಣ ಗೊತ್ತಾಯಿತು. ಮದುವೆಯ ದಿನ ಬಂದವರಿಗೆಲ್ಲ, ಕೇಳದವರಿಗೂ ಕೂಡ, "ಅಳಿಯಾ ವೆಲ್ಡರ್" ಎಂದು ಹೇಳುತ್ತ ನಿಂತಿದ್ದರು. ಹೇಳಿ ಮುಗಿಸಿದಾಗಲೆಲ್ಲ ಪರೀಕ್ಷೆ ಪಾಸಾದ ಹುಡುಗನ ಹಾಗೆ ಮಗಳ ಕಡೆ ನೋಡುತ್ತಿದ್ದರು. ಆ ಮಂಟಪದ ಕಬ್ಬಿಣದ ಕಮಾನನ್ನು ಯಾದಗಿರಿಯೂ ಲೇತಿನವರೂ ಸೇರಿ ಮಾಡಿದ್ದರು. ಮದುಮಗನನ್ನು ಅದಕ್ಕೆ ಕೈ ಹಚ್ಚಗೊಡಲಿಲ್ಲ. ಅವನು ಬಾಸಿಂಗ ಕಟ್ಟಿಕೊಂಡೇ ಬೆಸುಗೆ ಪರೀಕ್ಷಿಸಿ ಎರಡು ತಪ್ಪು ತೆಗೆದ. ಮಾವಶಿ ಇಂದಿಗೂ ಬಂಧುಗಳಿಗೆ "ಲೈನ್" ಎಂದೇ ಹೇಳುತ್ತಾಳೆ. ಅವಳ ಆ ಒಂದು ಶಬ್ದದ ನಕಲು ನನ್ನ ಅತ್ಯುತ್ತಮ ಕೃತಿ.

ಕೂಕಟ್‌ಪಲ್ಲಿಯಲ್ಲಿ ನಿಂತಿದ್ದ ಬಸ್ಸು ಕೊನೆಗೂ ಹೊರಟಿತು. ನಾನು ಕಾಚಿಗುಡಕ್ಕೆ ಹೋಗಬೇಕಾದವನು, ಯಾಕೋ ಎರ್ರಗಡ್ಡದಲ್ಲಿ ಇಳಿದು ಸನತ್‌ನಗರದ ಕಡೆ ನಡೆದೆ. ಶೆಡ್ಡಿನಲ್ಲಿ ಮಾಮಾ ಇದ್ದ, ಮೂಗಿನ ಮೇಲೆ ಈಗ ಓದುವ ಕನ್ನಡಕ, ಅದರ ಮೇಲೆ ಶೀಲ್ಡು. ಶಾಲೆ ಬಿಟ್ಟ ಮೇಲೆ ಸುಧಾ ಮಾಮಿ ಇಲ್ಲಿಗೇ ಬಂದು ಪೇಪರು ತಿದ್ದುತ್ತಾ ಕೂರುತ್ತಾಳೆ, ಗದ್ದಲದಲ್ಲಿ ಅವಳಿಗೆ ತಪ್ಪುಗಳು ಬೇಗ ಸಿಗುತ್ತವಂತೆ. ನಾನು ಒಂದು ಪೇಪರಿನ ಮೇಲೆ ಬ್ಯಾಗು ಇಟ್ಟು ಬೈಸಿಕೊಂಡು, ಇಷ್ಟು ವರ್ಷ ಕೇಳದಿದ್ದನ್ನು ಕೇಳಿದೆ. "ಮಾಮಿ, ಆವತ್ತ ಆ ಗಾಜಿನ್ಯಾಗ ಏನ್ ಕಂಡ್ತು?"

ಅವಳು ಪೆನ್ನು ಕೆಳಗಿಟ್ಟಳು. "ಮೊದಲ ಏನೂ ಕಾಣಲಿಲ್ಲಪಾ. ಕತ್ತಲಿ. ನಿಮ್ಮಾಮಾ ಇಲ್ಲ, ನಮ್ಮಪ್ಪಾ ಇಲ್ಲ, ಶೆಡ್ಡ ಇಲ್ಲ. ಆಮ್ಯಾಲ ಸಾಸಿವಿ ಕಾಳಿನಷ್ಟು ಒಂದು ಹನಿ. ಎರಡೂ ಕಡೆ ಕಬ್ಬಿಣ ಕರಗಿ ಅದರಾಗ ಬಂದು ಕೂಡತಿತ್ತು. ಹನಿ ಮುಂದ ಹೋಗತಿತ್ತು, ಹಿಂದ ಗಟ್ಟಿ ಆಗಕೋತ ಬರತಿತ್ತು. ಒಂಚೂರೂ ಅವಸರ ಇರಲಿಲ್ಲ. ಇಷ್ಟು ಗದ್ದಲದಾಗ ಇಂಥಾ ಸಮಾಧಾನದ ಜಾಗಾ ಒಂದು ಐತಲ್ಲ ಅನಸ್ತು." ಪೆನ್ನು ಮತ್ತೆ ಕೈಗೆತ್ತಿಕೊಂಡು, "ಅದನ್ನ ಮಾಡಾವರು ಯಾರು ಅಂತ ಆಮ್ಯಾಲ ಶೀಲ್ಡ್ ತೆಗದು ನೋಡಿದೆ" ಎಂದಳು.

ಮಾಮಾ ಒಂದು ಕಿಟಕಿ ಚೌಕಟ್ಟಿನ ಮುಂದೆ ಕೂತು ಹೊಸ ರಾಡು ಸಿಕ್ಕಿಸುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ, ತಲೆ ಎತ್ತಲಿಲ್ಲ. ನಾನು ಗೂಟದಿಂದ ಶೀಲ್ಡು ತೆಗೆದುಕೊಂಡೆ. ಅವನ ಎದುರು ಕುಕ್ಕರಗಾಲಲ್ಲಿ ಕೂತು ಮುಖಕ್ಕೆ ಹಿಡಿದೆ. ಕತ್ತಲೆ. ಕುತ್ತಿಗೆ ತಾನೇ ತಿರುಗಲು ಹೊರಟಿತು, ಹಿಡಿದು ನಿಲ್ಲಿಸಿದೆ.

ಹತ್ತಿತು. ಸೂರ್ಯನಷ್ಟು ದೊಡ್ಡದೇನೋ ಇರುತ್ತದೆ ಎಂದುಕೊಂಡಿದ್ದೆ, ಇಷ್ಟೇ ಇಷ್ಟು, ಹಸಿರು ನೀರಿನ ತಳದಲ್ಲಿ ಬಿದ್ದ ಒಂದು ಮೂಗುಬೊಟ್ಟಿನಷ್ಟು. ಅದು ನಡುಗುತ್ತಿತ್ತು, ಆದರೆ ಹೆದರಿ ಅಲ್ಲ. ಈ ಕಡೆಯ ಕಬ್ಬಿಣದ ಅಂಚು ಮೆತ್ತಗಾಗಿ ಒಳಗೆ ಸರಿಯಿತು, ಆ ಕಡೆಯದೂ ಸರಿಯಿತು, ಎರಡೂ ಯಾವುದು ಯಾವುದೆಂದು ಗೊತ್ತಾಗದೆ ಹೋದವು. ಕೊನೆ ಮುಟ್ಟಿ ಕೂದಲೆಳೆಯಷ್ಟು ಹಿಂದೆ ಬಂದು, ನಿಂತು, ಆರಿತು.

"ಕಂಡ್ತೇನಪಾ?" ಎಂದಳು ಮಾಮಿ.

ಹೂಂ ಎಂದೆ. ಯಾರ ದನಿಯಲ್ಲೂ ಅಲ್ಲ, ನನ್ನದರಲ್ಲೇ.